ಮಂಚದ ಪಕ್ಕದ ಟೇಪ್ ರೆಕಾರ್ಡರ್

ಕಡೂರಿನ ನಿವೃತ್ತ ಮೇಷ್ಟ್ರು ಕೃಷ್ಣಸ್ವಾಮಿ ಹೊಸ ಫೋನ್ ಕೊಂಡ ಮೇಲೆ ಅವರ ಮಲಗುವ ಕೋಣೆಯಿಂದ ಅಲಾರಂ ಗಡಿಯಾರ ಹೋಯಿತು, ಟಾರ್ಚೂ ಹೋಯಿತು. ಈಗ ಟೇಪ್ ರೆಕಾರ್ಡರಿನ ಸರದಿ.

"ಎಲ್ಲಾ ಇದ್ರಲ್ಲೇ ಇದೆ ಕಣೇ. ನಿನ್ನೆ ಮಧ್ಯಾಹ್ನ ನೀನು ಹೊಡೆದ ಗೊರಕೆನೂ ಇದೆ," ಎಂದು ಹೆಂಡತಿ ಸೀತಾದೇವಿಗೆ ಹೇಳಿ, ಸೊಸೆ ಹಂಸಾಳ ಎದುರಿಗೇ ಫೋನ್ ಒತ್ತಿ ಕೇಳಿಸಿದರು. ಹಂಸಾ ಬಾಯಿಗೆ ಕೈ ಅಡ್ಡ ಹಿಡಿದಳು.

ಸೀತಾದೇವಿಯ ಮುಖ ಬಿಸಿಯಾಯಿತು. ಅವರು ಬೀರುವಿನ ಸೀರೆಗಳ ಅಡಿಯಿಂದ ಒಂದು ಕ್ಯಾಸೆಟ್ ತೆಗೆದು ಟೇಪಿಗೆ ಹಾಕಿದರು. ಮದುವೆಯಾದ ಹೊಸತರಲ್ಲಿ, ಗಂಡ ಮಲಗಿದ್ದಾಗ ಕದ್ದು ರೆಕಾರ್ಡ್ ಮಾಡಿದ್ದು. ನಲವತ್ತು ವರ್ಷ ಯಾರಿಗೂ ಕೇಳಿಸಿರಲಿಲ್ಲ.

ಲಾರಿ ಘಟ್ಟ ಹತ್ತಿದಂಥ ಗೊರಕೆ ಹೊರಟಿತು. ನಡುವೆ ಎಳೆಯ ಸೀತಾದೇವಿಯ ದನಿ: "ರೀ, ಗೊರಕೆ ಹೊಡೀತಿದೀರ."

"ನಾನಾ? ನಾನು ಎಚ್ಚರವಾಗೇ ಇದೀನಿ ಕಣೇ," ಎಂದಿತು ಗಂಡನ ನಿದ್ದೆಯ ದನಿ. ಮತ್ತೆ ಗೊರಕೆ.

ಹಂಸಾ ನಗು ತಡೆಯಲಾರದೆ ಮಂಚದ ಮೇಲೆ ಕೂತುಬಿಟ್ಟಳು. ಕೃಷ್ಣಸ್ವಾಮಿ ಗಂಭೀರವಾಗಿ ಕೊನೆಯವರೆಗೂ ಆಲಿಸಿದರು.

"ದನಿ ಎಷ್ಟು ಸ್ಪಷ್ಟವಾಗಿದೆ ನೋಡು. ಫೋನಿಗೆ ಈ ಗುಣ ಬರಲ್ಲ. ಟೇಪು ಇಲ್ಲೇ ಇರ್ಲಿ," ಎನ್ನುತ್ತಾ ಮೆಲ್ಲಗೆ ಕ್ಯಾಸೆಟ್ಟಿಗೆ ಕೈ ಚಾಚಿದರು.

ಸೀತಾದೇವಿ ಅಷ್ಟರಲ್ಲಿ ಅದನ್ನು ತೆಗೆದು ಸೊಸೆಯ ಕೈಗೆ ದಾಟಿಸಿಯಾಗಿತ್ತು.