ಗಂಟಿಲ್ಲದ ಬಾಟಲಿ

ಬಸ್ ಡ್ರೈವರನಿಗೆ ವಾರದ ರಜೆ ಎಂದರೆ ಹಿತ್ತಿಲಿನ ಡ್ಯೂಟಿ. ಅದರಲ್ಲೂ ಬೇಸಿಗೆ ಮುಗಿಯುತ್ತ ಬಂದು, ಮಳೆ ಇನ್ನೇನು ಬಂತು ಎನ್ನುವ ದಿನಗಳಲ್ಲಂತೂ ಕೇಳುವುದೇ ಬೇಡ. ಟೊಮೇಟೊ ಗಿಡಗಳಿಗೆ ಕೋಲು ನೆಟ್ಟು ಕಟ್ಟಬೇಕು, ಎಲೆಯ ಕಂಕುಳಲ್ಲಿ ಒಡೆದ ಚಿಗುರು ಚಿವುಟಬೇಕು, ಬೀನ್ಸ್ ಬಳ್ಳಿಗೆ ದಾರ ಬಿಗಿಯಬೇಕು, ಆಲೂಗಡ್ಡೆ ಸಾಲಿಗೆ ಮಣ್ಣೇರಿಸಬೇಕು. ಮಳೆ ಬಂದ ಮೇಲೆ ನೋಡಿಕೊಳ್ಳೋಣ ಎಂದು ಕೂತವನ ಗಿಡಗಳು ಕೆಸರಿನಲ್ಲಿ ಅಂಗಾತ ಮಲಗಿರುತ್ತವೆ. ನಮ್ಮ ಡ್ರೈವರ್ ಹಾಗೆ ಕೂರುವ ಆಸಾಮಿಯಲ್ಲ. ಬಸ್ಸಿನಲ್ಲಿ ಜನ ಅವನ ಮಾತು ಕೇಳುತ್ತಿರಲಿಲ್ಲ, ಹಿತ್ತಿಲಿನಲ್ಲಿ ಗಿಡಗಳಾದರೂ ಕೇಳುತ್ತಿದ್ದವು.

ಅವನ ಹೆಂಡತಿ ಟೈಲರ್. ಮುಂದಿನ ಕೋಣೆಯಲ್ಲಿ ಮಿಷನ್ನು ಬೆಳಗಿನಿಂದ ಸಂಜೆಯವರೆಗೆ ಕಟಕಟ ಎನ್ನುತ್ತಲೇ ಇರುತ್ತಿತ್ತು. ಹೊಲಿದು ಉಳಿದ ಚಿಂದಿಯೆಲ್ಲ ಗಿಡ ಕಟ್ಟುವುದಕ್ಕೆ ಹಿತ್ತಿಲಿಗೆ ಬರುತ್ತಿತ್ತು. ಹಾಗಾಗಿ ಆ ಮನೆಯ ಟೊಮೇಟೊಗಳಿಗೆ ಹೂವಿನ ಚಿತ್ತಾರ, ಪಟ್ಟೆ, ಚೌಕಳಿ ಎಲ್ಲದರ ಯೋಗವೂ ಇತ್ತು. ಬರದೇ ಇದ್ದದ್ದು ಕೆಂಪು ಚಿಂದಿ ಮಾತ್ರ. ಕೆಂಪು ಚಿಂದಿಯನ್ನು ಹೆಂಡತಿ ಬೇರೆಯೇ ಎತ್ತಿಡುತ್ತಿದ್ದಳು. ತಿನ್ನಬಾರದ್ದು, ಕುಡಿಯಬಾರದ್ದು ಯಾವುದಿದ್ದರೂ ಅದರ ಕತ್ತಿಗೆ ಕೆಂಪು ಚಿಂದಿ ಸುತ್ತಿ ದಪ್ಪ ಗಂಟು ಹಾಕುವುದು ಆ ಮನೆಯ ಕಟ್ಟಳೆ.

ಕಟ್ಟಳೆ ಹುಟ್ಟಿದ್ದು ಅತ್ತೆಯಿಂದ. ಹೆಂಡತಿಯ ತಾಯಿಗೆ ಎರಡು ಕಣ್ಣಿನಲ್ಲೂ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಅಡುಗೆಮನೆ ಅವರದೇ ರಾಜ್ಯ. ಯಾವ ಡಬ್ಬಿಯಲ್ಲಿ ಏನಿದೆ ಎಂದು ಬೆರಳ ತುದಿಯಿಂದಲೇ ಹೇಳುತ್ತಿದ್ದರು. ಬಣ್ಣ ಅವರಿಗೆ ಬೇಕಾಗಿಯೇ ಇರಲಿಲ್ಲ, ಕೈಗೆ ಗಂಟು ಸಿಕ್ಕಿದರೆ ಹಿಂದೆ ಸರಿಯುತ್ತಿದ್ದರು. ಕೆಂಪು ಬಣ್ಣ ಕಣ್ಣಿದ್ದವರಿಗಾಗಿ. ಅತ್ತೆಗೂ ಅಳಿಯನಿಗೂ ಮಾತ್ರ ಎಣ್ಣೆ ಸೀಗೆಕಾಯಿ. "ಅಳಿಯಂದ್ರು ಬಸ್ ಓಡಿಸೋ ಹಾಗೇ ಊಟ ಮಾಡ್ತಾರೆ, ಎಲ್ಲೂ ಸ್ಟಾಪ್ ಇಲ್ಲ" ಎಂದು ಅವರು ಅಂದರೆ, "ನಿಮ್ಮ ಬಾಯಿಗೂ ಬ್ರೇಕಿಲ್ಲ ಅತ್ತೆ" ಎಂದು ಇವನು ಅನ್ನುತ್ತಿದ್ದ. ಇಬ್ಬರಿಗೂ ಇದು ಒಂದು ಬಗೆಯ ಹೊತ್ತು ಕಳೆಯುವ ಕೆಲಸವಾಗಿತ್ತು.

ಅವತ್ತು ಬೀನ್ಸ್ ಎಲೆಗಳ ಅಡಿಯಲ್ಲಿ ಕಪ್ಪು ಗಿಡಹೇನು ಮುತ್ತಿದ್ದವು. ಅದಕ್ಕೆ ಹೊಡೆಯುವ ಔಷಧಿಯ ಡಬ್ಬಿ ಸೋರುತ್ತಿತ್ತೆಂದು ಡ್ರೈವರ್ ಹಿಂದಿನ ವರ್ಷವೇ ಅದನ್ನು ಹಸಿರು ಗಾಜಿನ ಬಾಟಲಿಗೆ ಸುರಿದಿಟ್ಟಿದ್ದ. ಹೆಂಡತಿ ಬೇಸಿಗೆಯಲ್ಲಿ ಸಕ್ಕರೆ ಪಾಕ ತುಂಬಿಡುವುದೂ ಅಂಥದೇ ಬಾಟಲಿಯಲ್ಲಿ. ಕತ್ತಿಗೆ ಕೆಂಪು ಗಂಟಿರುವಾಗ ಇನ್ನೇನು ಭಯ ಎಂದುಕೊಂಡಿದ್ದ. ಔಷಧಿ ಬೆರೆಸಿ, ಹೊಡೆದು, ಬಾಟಲಿಯನ್ನು ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು, ಮೆಟ್ಟಿಲ ಪಕ್ಕದ ಟೊಮೇಟೊ ಕಟ್ಟಲು ಕೂತ. ಅಷ್ಟರಲ್ಲಿ ಒಂದು ಗಾಳಿ ಬೀಸಿತು ನೋಡಿ, ಕೊನೆಯ ಗಿಡ, ಕಾಯಿ ತುಂಬಿ ಬಸುರಿಯಂತಿದ್ದ ಗಿಡ, ಸೊಂಟ ಮುರಿದು ವಾಲಿತು. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು ಇನ್ನೊಂದು ಕೈಯಿಂದ ಚಿಂದಿಗೆ ತಡಕಾಡಿದ. ಚಿಂದಿ ಮುಗಿದಿತ್ತು. ಕೈಗೆಟಕುವಷ್ಟು ದೂರದಲ್ಲಿ ಬಾಟಲಿ ಇತ್ತು.

ಬಾಟಲಿಗೆ ಆಮೇಲೆ ಬೇರೆ ಚಿಂದಿ ಕಟ್ಟಿದರಾಯಿತು ಎಂದುಕೊಂಡು ಗಂಟು ಬಿಚ್ಚಿ ಗಿಡಕ್ಕೆ ಸುತ್ತಿದ. ಮಾಡಿದ್ದು ಇಷ್ಟೇ. ಅಷ್ಟರಲ್ಲಿ ಎದುರು ಮನೆಯ ಎಲೆಕ್ಟ್ರಿಷಿಯನ್ ಏಣಿ ಹಿಡಿದುಕೊಳ್ಳಲು ಕರೆದ, ಇವನು ಹೋದ, ಹೋದವನು ಹರಟೆಗೆ ನಿಂತ. ವಾಪಸು ಬಂದು ನೇರ ಹಿತ್ತಿಲ ತುದಿಯ ಆಲೂಗಡ್ಡೆ ಸಾಲಿಗೆ ಹೋಗಿ ಗುದ್ದಲಿ ಹಿಡಿದ. ಒಳ್ಳೆಯ ಮಣ್ಣು, ಒಳ್ಳೆಯ ಗಾಳಿ, ಸಿಳ್ಳೆ ಹಾಕುತ್ತ ಕೆಲಸ ಮಾಡಿದ.

ಬೆನ್ನು ನೇರ ಮಾಡಿಕೊಳ್ಳಲು ಎದ್ದು ನಿಂತಾಗ ಕಣ್ಣು ಟೊಮೇಟೊ ಸಾಲಿನ ಮೇಲೆ ಹೋಯಿತು. ಹಸಿರಿನ ನಡುವೆ ಒಂದೇ ಒಂದು ಕೆಂಪು. ಹಣ್ಣಾಯಿತೇ ಇಷ್ಟು ಬೇಗ ಎಂದು ಅರೆಗಳಿಗೆ ಖುಷಿಪಟ್ಟ. ಆಮೇಲೆ ಅದು ಬಾಟಲಿಯಿಂದ ಬಿಚ್ಚಿದ ಚಿಂದಿ ಎಂದು ನೆನಪಾಯಿತು. ಮೆಟ್ಟಿಲ ಕಡೆ ನೋಡಿದ. ಮೆಟ್ಟಿಲು ಖಾಲಿ.

ಗುದ್ದಲಿ ಎಲ್ಲಿ ಬಿಸಾಕಿದನೋ ಅವನಿಗೇ ಗೊತ್ತಿಲ್ಲ. ಮಣ್ಣುಗಾಲಲ್ಲೇ ಒಳಗೆ ನುಗ್ಗಿದ. ಅಡುಗೆಕಟ್ಟೆಯ ಮೇಲೆ ಎರಡು ಹಸಿರು ಬಾಟಲಿ ಅಕ್ಕಪಕ್ಕ ನಿಂತಿದ್ದವು. ಎರಡರದೂ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ. ಅತ್ತೆ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದರು. ಹವೆ ಬದಲಾದಾಗಿನಿಂದ ನೆಗಡಿ ಹಿಡಿದು ಅವರ ಮೂಗು ಕಟ್ಟಿತ್ತು, ಗಳಿಗೆಗೊಮ್ಮೆ ಸೊರ್ ಎನ್ನುತ್ತಿದ್ದರು.

"ಅತ್ತೆ, ಈ ಬಾಟ್ಲಿ ಯಾರು ಒಳಗೆ ತಂದಿದ್ದು?"

"ನನ್ನ ಮಗಳು. ಪಾಕದ ಬಾಟ್ಲಿ ಬಿಸಿಲಲ್ಲಿ ಬಿದ್ದಿದೆ ಅಂತ ತಂದಿಟ್ಟು, ಹೊಲಿದ ಬಟ್ಟೆ ಕೊಟ್ಟು ಬರ್ತೀನಿ ಅಂತ ಹೋದ್ಲು. ಯಾಕೆ?"

"ಪಟಪಟಿ ಎಲ್ಲಿ?" ಪಟಪಟಿ ಎಂದರೆ ಅವನ ಮಗಳು. ಬಾಯಿಗೆ ಬಿಡುವಿಲ್ಲದ ಹುಡುಗಿಗೆ ಮನೆಯವರಿಟ್ಟ ಹೆಸರು.

"ಬಾಯಾರಿಕೆ ಅಂದ್ಲು, ನಿಂಬೆ ಪಾನಕ ಮಾಡ್ಕೊಟ್ಟೆ. ಒಂದು ಲೋಟ ಇಲ್ಲೇ ಕುಡಿದು, ಮಿಕ್ಕಿದ್ದನ್ನ ನೀರಿನ ಬಾಟ್ಲಿಗೆ ಹಾಕ್ಕೊಂಡು ಮೈದಾನಕ್ಕೆ ಓಡಿದ್ಲು. ಅಳಿಯಂದ್ರೇ, ಒಂದು ನಿಮಿಷ, ಆ ಬಾಟ್ಲಿ…"

ಅತ್ತೆ ಹಿಂದಿನಿಂದ ಏನೋ ಹೇಳುತ್ತಿದ್ದರು. ಅವನು ಆಗಲೇ ಬೀದಿಗೆ ಬಿದ್ದಿದ್ದ.

ಓಡಿದ. ಸ್ಟಿಯರಿಂಗ್ ಹಿಂದೆ ಕೂತೂ ಕೂತೂ ಬೊಜ್ಜು ಬಂದ ದೇಹ, ಉಸಿರು ಮೇಲೆ ಕೆಳಗೆ ಆಯಿತು. ಕ್ಷೌರದ ಅಂಗಡಿಯವನು ಬಾಗಿಲಲ್ಲಿ ನಿಂತು, "ಏನ್ ಡ್ರೈವರಣ್ಣ, ನೀವೇ ಬಸ್ ತಪ್ಪಿಸ್ಕೊಂಡ್ರಾ?" ಎಂದು ನಕ್ಕ. ಇವನಿಗೆ ಆ ನಗು ಕಂಡಿತು, ಮಾತು ಕೇಳಲಿಲ್ಲ. ತಲೆಯೊಳಗೆ ಒಂದೇ ಸಮನೆ ಒಂದು ಲೆಕ್ಕ ಓಡುತ್ತಿತ್ತು. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಔಷಧಿ ಸಾಕು, ಹೇನೆಲ್ಲ ಉದುರುತ್ತವೆ. ಒಂದು ಲೋಟಕ್ಕೆ ಅತ್ತೆ ಎಷ್ಟು ಹಾಕಿರುತ್ತಾರೆ? ಸಿಹಿ ವಿಷಯದಲ್ಲಿ ಅವರದು ಧಾರಾಳ ಕೈ. ದೇವರೇ, ಇವತ್ತೊಂದು ದಿನ ಆ ಕೈ ಜಿಪುಣವಾಗಿರಲಿ ಎಂದು ಬೇಡಿಕೊಂಡ.

ಮೈದಾನದಲ್ಲಿ ಹುಡುಗಿಯರ ಗುಂಪು ಚೆಂಡಾಟದಲ್ಲಿತ್ತು. ಅದರಲ್ಲಿ ಪಟಪಟಿ ಇರಲಿಲ್ಲ. ಆಚೆ ಗೋಡೆಯ ನೆರಳಿನಲ್ಲಿ, ಹುಲ್ಲಿನ ಮೇಲೆ, ಅವಳು ಮಲಗಿದ್ದಳು. ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ನೀರಿನ ಬಾಟಲಿ ಉರುಳಿತ್ತು, ಒಳಗೆ ಒಂದು ಹನಿಯೂ ಇರಲಿಲ್ಲ.

ಅವನಿಗೆ ಅವಳ ಬಳಿ ಹೋಗಿ ಮುಟ್ಟುವ ಧೈರ್ಯವೇ ಬರಲಿಲ್ಲ. ಮುಟ್ಟದಿದ್ದರೆ ಇನ್ನೂ ಏನೂ ಆಗಿಲ್ಲ ಎಂಬಂತೆ ನಿಂತುಬಿಟ್ಟ. ತನ್ನ ಮೇಲೆ ಅಸಹ್ಯ ಹುಟ್ಟಿ ಕೊನೆಗೆ ಕುಸಿದು ಕೂತು ಅವಳ ಭುಜ ಹಿಡಿದು ಅಲುಗಾಡಿಸಿದ.

"ಅಪ್ಪಾ! ನೋವಾಗುತ್ತೆ ಬಿಡಿ! ನಾನು ಔಟಾಗಿದೀನಿ, ಅದಕ್ಕೇ ಮಲಗಿದೀನಿ. ಯಾಕಪ್ಪ ಚಪ್ಪಲಿ ಇಲ್ದೆ ಬಂದಿದೀರ? ಎಲ್ಲರೂ ನೋಡ್ತಿದಾರೆ."

"ಪಾನಕ ಹೇಗಿತ್ತು? ನಿಜ ಹೇಳು. ಕಹಿ ಇತ್ತಾ?"

"ಕಹಿಯಾ? ಸಿಹಿಯೋ ಸಿಹಿ. ಅಜ್ಜಿ ಮಾಡೋದು ಯಾವಾಗ್ಲೂ ಹಾಗೇ ತಾನೇ."

ಅವಳ ಬಾಯಿ ತೆರೆಸಿ ಮೂಸಿದ. ಖಾಲಿ ಬಾಟಲಿ ಮೂಸಿದ. ನಿಂಬೆ, ಸಕ್ಕರೆ, ಅಷ್ಟೇ. ಹೋದ ಜೀವ ಬಂದಂತಾಯಿತು. ಎಲ್ಲರೆದುರೇ ಮಗಳನ್ನು ತಬ್ಬಿಕೊಂಡು ಗಳಗಳ ಅತ್ತ. ಅವಳಿಗೆ ನಾಚಿಕೆಯಾಗಿ ಸಾಯುವಂತಾಯಿತು.

ಮಗಳ ಕೈ ಹಿಡಿದು ಮನೆಗೆ ಬರುವಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕ್ಷೌರದವನಿಗೆ ಕೈ ಕೂಡ ಬೀಸಿದ. ಅತ್ತೆ ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೊರಗಿ ಕೂತಿದ್ದರು.

"ಅತ್ತೆ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು! ಆ ಬಾಟ್ಲೀಲಿ ಗಿಡದ ಔಷಧಿ ಇತ್ತು. ಎರಡರಲ್ಲಿ ಸರಿಯಾದ್ದನ್ನೇ ಎತ್ಕೊಂಡಿದೀರಿ."

"ಸುಮ್ನೆ ಎತ್ಕೊಂಡೆ ಅಂದ್ಕೊಂಡ್ರಾ?" ಅತ್ತೆಯ ದನಿ ಎಂದಿನಂತಿರಲಿಲ್ಲ, ನಾಲಿಗೆ ದಪ್ಪಗಾದಂತಿತ್ತು. "ಯಾವುದಕ್ಕೂ ಗಂಟಿರ್ಲಿಲ್ಲ. ಕೈಗೆ ಎರಡೂ ಒಂದೇ ಥರ. ಆದ್ರೆ ಒಂದರ ಕತ್ತು ಜಿಡ್ಡುಜಿಡ್ಡಾಗಿತ್ತು, ಯಾಕೋ ಮನಸ್ಸು ಒಪ್ಪಲಿಲ್ಲ. ಮೂಗಂತೂ ಕಟ್ಟಿದೆ. ಮಗೂಗೆ ಕೊಡೋದು, ನೋಡ್ದೆ ಕೊಡಕ್ಕಾಗುತ್ತಾ? ಒಂದೊಂದನ್ನೂ ಚಮಚಕ್ಕೆ ಹಾಕ್ಕೊಂಡು ನಾನೇ ಬಾಯಿಗೆ ಬಿಟ್ಕೊಂಡೆ."

ಅವನ ನಗು ಮುಖದ ಮೇಲೇ ನಿಂತಿತು.

"ಮೊದಲ್ನೇದು ಬೆಂಕಿ. ಉಗಿದು ಬಾಯಿ ಮುಕ್ಕಳಿಸಿದೆ. ಸ್ವಲ್ಪ ಒಳಗೆ ಹೋಯ್ತೇನೋ. ಹೇಳೋಣ ಅಂದ್ರೆ ನೀವು ಓಡಿಬಿಟ್ರಿ."

ಆಗ ಅವನು ಸರಿಯಾಗಿ ನೋಡಿದ. ಅತ್ತೆಯ ಹಣೆಯಲ್ಲಿ ಬೆವರು ಕಿತ್ತು ಬರುತ್ತಿತ್ತು. ಜೊಲ್ಲು ಗಲ್ಲಕ್ಕಿಳಿದಿತ್ತು, ಸೆರಗಿನಿಂದ ಒರೆಸಿಕೊಂಡಷ್ಟೂ ಮತ್ತೆ ಇಳಿಯುತ್ತಿತ್ತು. ಮಡಿಲಲ್ಲಿದ್ದ ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು.

ಎಲೆಕ್ಟ್ರಿಷಿಯನ್ನನ ವ್ಯಾನಿನ ಕೀಲಿ ಕಿತ್ತುಕೊಂಡಂತೆ ಇಸಿದುಕೊಂಡ. ಪಟಪಟಿಯನ್ನು ಅವನ ಮನೆಯಲ್ಲಿ ಬಿಟ್ಟು, ಅತ್ತೆಯನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಔಷಧಿಯ ಹಳೇ ಡಬ್ಬಿಯನ್ನು ಕಾಲಬಳಿ ಎಸೆದುಕೊಂಡು ಹೊರಟ. ಊರಿನ ಅರ್ಧ ಜನವನ್ನು ದಿನಾ ಸುರಕ್ಷಿತವಾಗಿ ಮುಟ್ಟಿಸುವ ಕೈಗೆ ಅವತ್ತು ಗೇರ್ ಸಿಕ್ಕಲಿಲ್ಲ. "ಅತ್ತೆ, ಮಾತಾಡ್ತಾ ಇರಿ. ಏನಾದ್ರೂ ಬೈರಿ" ಎಂದು ದಾರಿಯುದ್ದಕ್ಕೂ ಅಂಗಲಾಚಿದ. ಅವರು ಬೈಯಲಿಲ್ಲ. ಅದಕ್ಕಿಂತ ಹೆಚ್ಚಿನ ಹೆದರಿಕೆ ಅವನು ಆವರೆಗೆ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಡಬ್ಬಿಯ ಮೇಲಿನ ಚೀಟಿ ಓದಿ, ಕಣ್ಣಿಗೆ ಟಾರ್ಚ್ ಬಿಟ್ಟು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. "ಉಗಿದದ್ದಕ್ಕೆ ಉಳ್ಕೊಂಡ್ರು. ಮಗು ಕುಡಿದಿದ್ರೆ ನಾನೇನೂ ಮಾಡಕ್ಕಾಗ್ತಿರ್ಲಿಲ್ಲ" ಎಂದರು.

ಹೆಂಡತಿ ಓಡೋಡಿ ಬಂದಳು. ತಾಯಿಯ ಸ್ಥಿತಿ ನೋಡಿ, ಬಾಟಲಿಯ ವಿಷಯ ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ನಾನೇ ಒಳಗೆ ತಂದಿಟ್ಟೆನಲ್ಲ! ಬಾಟ್ಲಿ ಕತ್ತಿಗೆ ಚಿಂದಿ ಇರ್ಲಿಲ್ಲ ರೀ, ಪಾಕ ಅಂದ್ಕೊಂಡೆ. ಇರ್ಲಿಲ್ಲ, ದೇವರಾಣೆಗೂ ಇರ್ಲಿಲ್ಲ."

"ಇತ್ತು" ಎಂದ. "ನಾನು ಬಿಚ್ಚಿ ಗಿಡಕ್ಕೆ ಕಟ್ಟಿದೆ."

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದ. ಅವಳು ಅವನ ಮುಖ ನೋಡಿ, ತಾಯಿಯ ಮಂಚದ ಇನ್ನೊಂದು ಬದಿಗೆ ಹೋಗಿ ಕೂತಳು.

ಕೆಲವು ದಿನಗಳಾದ ಮೇಲೆ ಅತ್ತೆ ಮನೆಗೆ ಬಂದರು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಡ್ರೈವರ್ ಮನೆಯಲ್ಲಿದ್ದ ವಿಷದ ವಸ್ತುಗಳನ್ನೆಲ್ಲ ಸಾಗಹಾಕಿದ್ದ, ಹಸಿರು ಬಾಟಲಿಗಳನ್ನು ಒಂದೂ ಬಿಡದೆ ಎಸೆದಿದ್ದ. ಅಡುಗೆಮನೆಯ ಪ್ರತಿ ಡಬ್ಬಿಯನ್ನೂ ತೆರೆದು ನೋಡಿ, ಮೊದಲಿದ್ದ ಜಾಗದಲ್ಲೇ ಇಟ್ಟಿದ್ದ. "ಎಲ್ಲಾ ಸರಿ ಮಾಡಿದೀನಿ ಅತ್ತೆ. ಬಂದು ನಿಮ್ಮ ರಾಜ್ಯ ನೋಡ್ಕೊಳ್ಳಿ" ಎಂದು ಕೈ ಹಿಡಿದು ಕರೆದುಕೊಂಡು ಹೋದ.

ಅತ್ತೆ ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ. ಯಾವ ಡಬ್ಬಿಗೂ ಕೈ ಚಾಚದೆ, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಡುಮನೆಯ ಕುರ್ಚಿಗೆ ವಾಪಸಾದರು. ಸ್ವಲ್ಪ ಹೊತ್ತಾದ ಮೇಲೆ, "ಅಳಿಯಂದ್ರೇ, ಒಂದು ಲೋಟ ನೀರು ಕೊಡ್ತೀರಾ?" ಎಂದರು. ಅವನು ಆ ಮನೆಯ ಅಳಿಯನಾದ ಮೇಲೆ ಅವರು ಅವನನ್ನು ಏನನ್ನೂ ಕೇಳಿದವರಲ್ಲ.

ಓಡಿಹೋಗಿ ತಂದುಕೊಟ್ಟ. ಅತ್ತೆ ಲೋಟವನ್ನು ತುಟಿಯವರೆಗೆ ಒಯ್ದು ಅಲ್ಲೇ ಹಿಡಿದರು.

"ನೀರೇ ತಾನೇ?"

"ನೀರೇ ಅತ್ತೆ."

ಅವರು ತಲೆಯಾಡಿಸಿದರು. ಆದರೆ ಕುಡಿಯಲಿಲ್ಲ. ಲೋಟವನ್ನು ಮಡಿಲಲ್ಲಿಟ್ಟುಕೊಂಡು, ಮಗಳು ಬರಲಿ ಎಂದು ಕಾಯುತ್ತ ಕೂತರು.