ಎತ್ತರದಿಂದ ಹೊಯ್ದ ನೀರು

ಮುನಿಕೃಷ್ಣಪ್ಪ ಚಪ್ಪಲಿ ಕಾಲಿನಲ್ಲೇ ನನ್ನ ಐದನೇ ಕ್ಲಾಸಿಗೆ ನುಗ್ಗಿದ. ನುಗ್ಗಿದರು ಅನ್ನಬೇಕು, ವಯಸ್ಸಾದವರು, ಊರಿಗೆ ದೊಡ್ಡವರು. ನನ್ನ ಬಾಯಿಗೆ ಆ ಮರ್ಯಾದೆ ಈಗಲೂ ಬರುವುದಿಲ್ಲ.

"ಏನಮ್ಮೋ ಟೀಚರಮ್ಮ, ನನ್ ಮೊಮ್ಮಗಳ್ನ ಕೇರಿ ಉಡ್ಗ ಮಾಡ್ಬುಟ್ಯಂತೆ? ಪಾಪಯ್ಯನ ಮಗ್ಳ ಕೈನಾಗೆ ನೀರು ಕುಡಿಸ್ದ್ಯಂತೆ? ತಲೆಗಿಲೆ ಕೆಟ್ಟೈತಾ ನಿಂಗೆ?"

"ಅದು ನಾಟಕ," ಎಂದೆ.

"ನಿನ್ ಮಗ್ಳ ಕೈಲಿ ಆಡುಸ್ಕೋ ಓಗು ಅಂಥ ನಾಟ್ಕವ!"

ನಾಟಕ ದೊಡ್ಡದೇನಲ್ಲ. ವಾರ್ಷಿಕೋತ್ಸವಕ್ಕೆ ಕೃಷ್ಣಗಿರಿಯ ಜಿಲ್ಲಾ ಕಚೇರಿಯಿಂದ ಅಧಿಕಾರಿ ಬರುತ್ತಾರೆ, ಏನಾದರೂ ಆಡಿಸಿ ಎಂದು ಹೆಡ್‌ಮಾಸ್ಟರ್ ರಾಮಕೃಷ್ಣಪ್ಪ ಹೇಳಿದ್ದರು. ಅಂಬೇಡ್ಕರ್ ಪಾಠ ಆಗಷ್ಟೇ ಮುಗಿದಿತ್ತು. ಬಾಲಕ ಭೀಮನಿಗೆ ಶಾಲೆಯಲ್ಲಿ ಬಾಯಾರುತ್ತದೆ, ಆದರೆ ಕೊಡ ಮುಟ್ಟುವ ಹಾಗಿಲ್ಲ. ಜವಾನ ಎತ್ತರದಿಂದ ಹೊಯ್ದರೆ ಬೊಗಸೆಯೊಡ್ಡಿ ಕುಡಿಯಬೇಕು. ಅದನ್ನೇ ಹತ್ತು ನಿಮಿಷದ ಆಟವಾಗಿ ಬರೆದೆ. ಸಿಂಧುವಿನ ಗಂಟಲು ಬಸ್ ಸ್ಟಾಪಿನವರೆಗೂ ಕೇಳುತ್ತದೆ, ಅವಳು ಭೀಮ. ರಮ್ಯ ಇಡೀ ಕ್ಲಾಸಿಗೇ ಉದ್ದ, ಅವಳು ಜವಾನ. ನಾನು ನೋಡಿದ್ದು ಇಷ್ಟೇ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. ಸುಳ್ಳು. ಸಿಂಧು ಮುನಿಕೃಷ್ಣಪ್ಪನ ಮೊಮ್ಮಗಳು, ರಮ್ಯಳ ಅಪ್ಪ ಪಾಪಯ್ಯ ಅದೇ ಮುನಿಕೃಷ್ಣಪ್ಪನ ಗುಲಾಬಿ ತೋಟದ ಆಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಂಚಿದ್ದೆ, ಒಳಗೊಳಗೆ ಖುಷಿಯನ್ನೂ ಪಟ್ಟಿದ್ದೆ.

"ಪಾರ್ಟು ಬದ್ಲಾಯ್ಸು," ಎಂದ ಮುನಿಕೃಷ್ಣಪ್ಪ. "ಇಲ್ಲಾಂದ್ರೆ ನಮ್ಮೋರ ಅದಿನಾಲ್ಕು ಮಕ್ಳ ಟೀಸಿ ಬರ್ದು ಮಡ್ಗು. ಇಂಗ್ಲೀಸ್ ಇಸ್ಕೂಲ್ ವ್ಯಾನು ಮನೆ ಬಾಗ್ಲಿಗೇ ಬತ್ತದೆ."

ಶಾಲೆಯಲ್ಲಿ ಇದ್ದದ್ದೇ ಇಪ್ಪತ್ತೊಂದು ಮಕ್ಕಳು. ತಮಿಳುನಾಡಿನಲ್ಲಿ ಏಳು ಮಕ್ಕಳ ಕನ್ನಡ ಶಾಲೆಯನ್ನು ಯಾರು ಇಟ್ಟುಕೊಂಡು ಪೂಜೆ ಮಾಡುತ್ತಾರೆ? ಬಾಗಿಲು ಹಾಕಿದರೆ ಕೇರಿಯ ಆ ಏಳು ಮಕ್ಕಳು ಸಾನಮಾವು ಕಾಡಿನ ಅಂಚು ಹಿಡಿದು, ಆನೆ ತಿರುಗುವ ದಾರಿಯಲ್ಲಿ, ಉದ್ದನಪಲ್ಲಿಯ ತಮಿಳು ಶಾಲೆಗೆ ನಡೆಯಬೇಕು. ಇಲ್ಲವೇ ಗುಲಾಬಿ ಕೀಳಬೇಕು.

"ಕೋಮಲಾ ಮೇಡಂ, ಕೈ ಮುಗೀತೀನಿ, ಬದಲಾಯಿಸಿಬಿಡಿ," ಎಂದರು ಹೆಡ್‌ಮಾಸ್ಟರ್. ಸಮಾನತೆಯ ಪಾಠ ಮಾಡಿದ ಬಾಯಿಂದಲೇ ಆಯಿತು ಸಾರ್ ಎಂದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಥೂ, ನನ್ನ ಜನ್ಮಕ್ಕಿಷ್ಟು!

ರಮ್ಯಳನ್ನು ಕರೆದು ನಾಳೆಯಿಂದ ನೀನೇ ಭೀಮ ಎಂದೆ. ಅವಳು ಅಲ್ಲಾಡಲಿಲ್ಲ.

"ನಂಗೆ ನೀರು ಉಯ್ಯೋ ಪಾರ್ಟೇ ಇರ್ಲಿ ಟೀಚರ್."

"ಸುಮ್ನಿರೇ ಪೆದ್ದಿ, ಇದು ಹೀರೋ ಪಾರ್ಟು ಕಣೇ!"

ಮರುದಿನ ಅಭ್ಯಾಸಕ್ಕೆ ನಿಲ್ಲಿಸಿದೆ. ಕಲಿಸುವುದಕ್ಕೆ ಏನೂ ಇರಲಿಲ್ಲ. ಸಿಂಧು ಎಡಗೈಯಲ್ಲಿ ಲಂಗ ಒತ್ತರಿಸಿಕೊಂಡು, ತನ್ನ ಮೇಲೆ ಒಂದು ಹನಿಯೂ ಸಿಡಿಯದಷ್ಟು ದೂರ ನಿಂತು, ಚೊಂಬು ಎತ್ತಿ ದಾರದ ಹಾಗೆ ಹೊಯ್ದಳು. ರಮ್ಯ ಮೊಣಕೈ ಜೋಡಿಸಿ, ಬಾಗಿ, ಒಂದು ತೊಟ್ಟೂ ಚೆಲ್ಲದಂತೆ ಕುಡಿದಳು.

"ಯಾರೇ ಹೇಳಿಕೊಟ್ಟಿದ್ದು?"

"ನಮ್ಮಜ್ಜಿ," ಎಂದಳು ಸಿಂಧು. "ರಮ್ಯ ಬೆಳಿಗ್ಗೆ ಸಗಣಿ ಬಾಚಾಕೆ ನಮ್ಮನೆಗೆ ಬತ್ತಾಳಲ್ಲ ಟೀಚರ್, ಅವ್ಳಿಗೆ ನಾನೇ ಉಯ್ಯೋದು."

ರಮ್ಯ ಬಾಯಿ ಒರೆಸಿಕೊಂಡು ಗೋಡೆಯ ಕಡೆ ನೋಡುತ್ತಿದ್ದಳು. ನನ್ನ ಕಣ್ಣಿಗೆ ಕಟ್ಟಿದ್ದು ಮುನಿಕೃಷ್ಣಪ್ಪನ ಮುಖ ಮಾತ್ರ. ಇರು, ನಿನಗೆ ಮಾಡಿಸುತ್ತೇನೆ ಎಂದುಕೊಂಡೆ.

ವಾರ್ಷಿಕೋತ್ಸವದ ದಿನ ಊರಿಗೆ ಊರೇ ಸೇರಿತ್ತು. ಮುನಿಕೃಷ್ಣಪ್ಪ ಮುಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ. ಆಟ ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ! ನನ್ನ ಮೈ ಉರಿದುಹೋಯಿತು. ಅಧಿಕಾರಿಗಳು ಮೈಕ್ ಹಿಡಿದು, ಇಷ್ಟು ಸಹಜವಾಗಿ ಮಕ್ಕಳಿಗೆ ಕಲಿಸಿದವರು ಯಾರು ಎಂದು ತಮಿಳಿನಲ್ಲಿ ಕೇಳಿದರು. ನಾನು ಹೋಗಿ ಮೈಕ್ ಇಸಿದುಕೊಂಡೆ.

"ನಾನು ಕಲಿಸಿದ್ದಲ್ಲ ಸಾರ್. ಈ ಹುಡುಗಿ ಹುಯ್ಯೋದು, ಆ ಹುಡುಗಿ ಕೈಯೊಡ್ಡೋದು, ದಿನಾ ಬೆಳಿಗ್ಗೆ ಮುನಿಕೃಷ್ಣಪ್ಪನವರ ಹಿತ್ತಲಲ್ಲಿ ನಡೀತದೆ. ಬೇಕಾದ್ರೆ ಹೋಗಿ ನೋಡಿ."

ಕನ್ನಡದಲ್ಲಿ ಹೇಳಿ, ಯಾರಿಗೂ ತಪ್ಪಿಹೋಗಬಾರದೆಂದು ತಮಿಳಿನಲ್ಲೂ ಹೇಳಿದೆ. ಮುನಿಕೃಷ್ಣಪ್ಪ ಕುರ್ಚಿ ಒದ್ದು ಎದ್ದ. ಹೆಡ್‌ಮಾಸ್ಟರ್ ತಲೆ ಮೇಲೆ ಕೈ ಹೊತ್ತರು. ಸಂಜೆ ಮನೆಗೆ ಹೊಸೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಬ್ಬಳೇ ನಗುತ್ತಾ ಬಂದೆ.

ಸೋಮವಾರ ಹದಿನಾಲ್ಕು ಮಕ್ಕಳ ಮನೆಯವರೂ ಬಂದು ಟೀಸಿ ಕೇಳಿದರು. ಒಬ್ಬರೂ ನನ್ನ ಮುಖ ನೋಡಿ ಮಾತಾಡಲಿಲ್ಲ. ತೊಲಗಲಿ ಪೀಡೆ ಎಂದು ಬರೆದುಕೊಟ್ಟೆ. ಉಳಿದ ಏಳು ಮಕ್ಕಳಿಗಾಗಿ ಕೃಷ್ಣಗಿರಿಯವರೆಗೂ ಹೋಗಿ ಜಗಳವಾಡುತ್ತೇನೆ, ಈ ಶಾಲೆ ಹೇಗೆ ಮುಚ್ಚುತ್ತಾರೋ ನೋಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡಿದ್ದೆ. ಅಷ್ಟರಲ್ಲಿ ಪಾಪಯ್ಯ ಬಂದ. ನಾಲ್ಕು ಒಳ್ಳೆಯ ಮಾತು ಆಡಿ ಹೋಗಲು ಬಂದಿದ್ದಾನೆಂದು ಎದ್ದು ಕುರ್ಚಿ ಎಳೆದೆ. ಅವನು ಕೂರಲಿಲ್ಲ.

"ತ್ವಾಟದಾಗೆ ಕೆಲ್ಸ ಓತು. ಓಗ್ಲಿ, ಬ್ಯಾರೆ ತ್ವಾಟ ಐತೆ," ಎಂದ. "ಅಲ್ಲ ಟೀಚರ್, ನನ್ ಮಗ್ಳು ಎಂಗೆ ನೀರು ಕುಡೀತಾಳೆ ಅಂತ ಊರ್ ಮುಂದೆ ಮೈಕ್ನಾಗೆ ಕೂಗುದ್ರಲ್ಲ, ಅವ್ಳನ್ನ ಒಂದ್ ಮಾತು ಕೇಳುದ್ರಾ?"

"ನಾನು ಅವನಿಗೆ ಬುದ್ಧಿ ಬರಲಿ ಅಂತ..."

"ಅವ್ನಿಗೆ ಬುದ್ಧಿ ಬರಾಕೆ ನನ್ ಮಗ್ಳೇ ಬೇಕಿತ್ತಾ? ಅವತ್ನಿಂದ ಗಂಟ್ಲಾಗೆ ಅನ್ನ ಇಳೀತಿಲ್ಲ ಅವ್ಳಿಗೆ. ಟೀಸಿ ಕೊಡಿ, ಉದ್ದನಪಲ್ಲಿಗೆ ಆಕ್ತೀನಿ."

"ಆ ದಾರೀಲಿ ಆನೆ ಬರ್ತವೆ ಪಾಪಯ್ಯ!"

"ನಾನೂ ಅವ್ಳಿಗೆ ಅದ್ನೇ ಅಂದೆ. ಆನೆ ನೋಡುದ್ರೆ ನೋಡ್ಲಿ, ಈ ಇಸ್ಕೂಲ್ನಾಗೆ ಮಾತ್ರ ನನ್ನ ಯಾರೂ ನೋಡೋದ್ ಬ್ಯಾಡ ಅಂತಾವ್ಳೆ."

ಗೇಟಿನ ಹೊರಗೆ ರಮ್ಯ ನಮಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಕರೆದೆ, ತಿರುಗಲಿಲ್ಲ. ಕೂತು ಹದಿನೈದನೆಯ ಟೀಸಿ ಬರೆದೆ.