ಬೀಜದ ಶೆಡ್ಡಿನ ಸೆಕೆ

ಹತ್ತೊಂಬತ್ತನೆಯ ಪ್ರಶ್ನೆಹಾಳೆಯಲ್ಲೂ 'ಹಿತವಾಗಿದೆ' ಎಂಬಲ್ಲೇ ಗುರುತು ಬಿದ್ದದ್ದನ್ನು ಕಂಡು ಭವ್ಯಶ್ರೀ ಪೆನ್ನು ಕೆಳಗಿಟ್ಟಳು. ನಾರಾವಿ ರಸ್ತೆಯ ಆ ಗೇರುಬೀಜದ ಕಾರ್ಖಾನೆಯಲ್ಲಿ, ತಗ್ಗಾದ ತಗಡಿನ ಮಾಡಿನ ಕೆಳಗೆ, ನಲವತ್ತು ಹೆಂಗಸರು ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಅವಳ ಮೀಟರು ಮೂವತ್ತಾರು ಡಿಗ್ರಿ ತೋರಿಸುತ್ತಿತ್ತು. ಒಳಗೆ ಕೂತವರಿಗೆ ಸೆಕೆ ಎಷ್ಟು ಸಹ್ಯ ಎಂದು ಅಂದಾಜು ಮಾಡಲು ಮೂಡುಬಿದಿರೆಯ ಕಾಲೇಜಿನಿಂದ ಬಂದಿದ್ದಳು. ಮಾಡು ಬದಲಿಸಬೇಕೋ ಬೇಡವೋ ಎಂಬುದನ್ನು ಮಾಲಕ ಅಬ್ದುಲ್ ಹಕೀಂ ಅವಳ ವರದಿ ನೋಡಿಯೇ ತೀರ್ಮಾನಿಸುವವರಿದ್ದರು.

"ನೀಲಾವತಿಯಕ್ಕ, ನಿಜವಾಗಿ ಸೆಕೆ ಇಲ್ವಾ?"

ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದ ನೀಲಾವತಿ ಬಾಗಿಲಲ್ಲಿ ನಿಂತ ಮೇಸ್ತ್ರಿ ನೋಣಯ್ಯನ ಕಡೆ ನೋಡಿ ದನಿ ತಗ್ಗಿಸಿದರು. "ಉಂಟು ಅಂತ ಬರೆದ್ರೆ 'ಆಗದವರು ಮನೇಲಿ ಕೂತ್ಕೊಳ್ಳಿ' ಅಂತಾರೆ. ಫ್ಯಾನ್ ಹಾಕಿದ್ರೆ ಸಿಪ್ಪೆ ಹಾರ್ತದೆ ಮಾರಾಯ್ತಿ. ನೀನು ಹಾಳೆ ಬಿಡು, ನಮ್ಮ ಕೈ ನೋಡು. ಬೆವರು ಒರೆಸ್ಲಿಕ್ಕೆ ಎಷ್ಟು ಸಲ ಮೇಲೆ ಹೋಗ್ತದೆ, ಎಣಿಸು."

ಭವ್ಯಶ್ರೀ ಮೂರು ದಿನ ಮೂಲೆಯಲ್ಲಿ ಕೂತು ಎಣಿಸಿದಳು. ಬೆಳಿಗ್ಗೆ ಕಾಲು ಗಂಟೆಗೆ ಒಬ್ಬೊಬ್ಬರದು ಎರಡು ಸಲ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹನ್ನೊಂದು. ಪುಸ್ತಕದಲ್ಲಿ ಓದಿದ ಯಾವ ಸೂತ್ರವೂ ಅವಳಿಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ನಾಲ್ಕನೆಯ ದಿನ ಹಕೀಂ ಶೆಡ್ಡಿಗೇ ಬಂದು ವರದಿ ಓದಿದರು. "ಇವರೇ ಹಿತ ಅಂತ ಬರೆದಿದ್ದಾರಲ್ಲ?"

ನೀಲಾವತಿ ಮಡಿಲ ಸಿಪ್ಪೆ ಕೊಡವಿ ಎದ್ದು ನಿಂತರು. ಮೇಸ್ತ್ರಿ ಕೆಮ್ಮಿದ.

"ಹೆದರಿ ಬರೆದದ್ದು ಸಾಹೇಬ್ರೇ," ಎಂದರು ನೀಲಾವತಿ. "ಮೊದಲು ಹಾಗೆ ಬರೆದದ್ದು ನಾನೇ. ಬೇರೆ ಹಾಳೆ ಕೊಡಿ, ಹೆಸರು ಹಾಕಿಯೇ ಬರೀತೇನೆ."

'ತುಂಬಾ ಸೆಕೆ' ಎಂದು ಬರೆದು, ಕೆಳಗೆ ಹೆಸರನ್ನೂ ಬರೆದರು. ಪಕ್ಕದ ಕಾಂತಿ ಹಾಳೆಗಾಗಿ ಕೈ ಚಾಚಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು.

"ನೀವು ಹೊರಗೆ ಗಾಳಿಗೆ ನಿಲ್ಲಿ ಅಕ್ಕ," ಎಂದು ಹಕೀಂ ಚಪ್ಪಲಿ ಬಿಟ್ಟು, ನೀಲಾವತಿಯ ಮಣೆಯ ಮೇಲೆ ಕೂತು ಬೀಜದ ತಟ್ಟೆ ಎಳೆದುಕೊಂಡರು. ಕಾಲು ಗಂಟೆ ಕಳೆಯಿತು. ಅವರ ಕೈ ಹಣೆಗೆ ಹೋದದ್ದನ್ನು ಭವ್ಯಶ್ರೀ ರೂಢಿಯಂತೆ ಎಣಿಸಿದಳು: ಹದಿನಾಲ್ಕು.

"ಮಳೆಗಾಲದ ಮೊದಲು ಮಾಡು ಎತ್ತರಿಸುವ," ಎಂದರು ಹಕೀಂ ಏಳುತ್ತಾ. "ನೋಣಯ್ಯ, ಇನ್ನು ಇವರಲ್ಲಿ ಏನಾದರೂ ಕೇಳುವಾಗ ನೀನು ಬಾಗಿಲಲ್ಲಿ ನಿಲ್ಬೇಡ."

ಮರುವರ್ಷ ಮಾರ್ಚಿನಲ್ಲಿ ಭವ್ಯಶ್ರೀ ಪುನಃ ಅಳತೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಎತ್ತರಿಸಿದ ಮಾಡಿನ ಕೆಳಗೆ ನೀಲಾವತಿ ಯಾರದೋ ಮದುವೆಯ ಸುದ್ದಿಯನ್ನು ತುಳುವಿನಲ್ಲಿ ಹೇಳುತ್ತಿದ್ದರು. ಸುತ್ತಲಿನವರು ಬೀಜವನ್ನು ಬೆರಳಲ್ಲೇ ಹಿಡಿದುಕೊಂಡು ನಗುತ್ತಿದ್ದರು; ಬೆವರು ಒರೆಸಲು ಯಾರ ಕೈಯೂ ಮೇಲೆ ಹೋಗುತ್ತಿರಲಿಲ್ಲ.